ಬ್ರೆಡ್ಡಕ್ಕ ಬೇಕರಿ ಬಿಟ್ಟ ಮೇಲೆ

ಬೀದಿಯವರೆಲ್ಲ ಅವಳನ್ನು ಬ್ರೆಡ್ಡಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಯಾರೋ ತಮಾಷೆಗೆ ಇಟ್ಟ ಹೆಸರು, ಆಮೇಲೆ ಅದೇ ಗಟ್ಟಿಯಾಯಿತು. ಮೇಲೆ ಮನೆ, ಕೆಳಗೆ ಮಾವ ಕಟ್ಟಿ ಬೆಳೆಸಿದ ಬೇಕರಿ. ಅಲ್ಲಿ ಹಿಟ್ಟು ಕಲಸುವುದರಿಂದ ಹಿಡಿದು ಭಟ್ಟಿಯಿಂದ ಬ್ರೆಡ್ ಎಳೆಯುವವರೆಗಿನ ಕೆಲಸವೆಲ್ಲ ಅವಳದು. ಮುಂದೆ ಗಾಜಿನ ಬೀರುವಿನ ಹಿಂದೆ ನಿಂತು ಮಾರುವುದು ಗಂಡನದು. "ನಾನು ಬರೀ ಕಟ್ಟಿ ಕೊಡೋನು. ಮಾಡೋಳು ಒಳಗಿದಾಳೆ" ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಹೇಳುವಾಗ ಅವನ ದನಿಯಲ್ಲಿ ಜಂಬವಿರುತ್ತಿತ್ತು.

ಅವಳು ಸೊಸೆಯಾಗಿ ಬಂದಾಗ ನಾದಿನಿ ಇನ್ನೂ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುವ ಹುಡುಗಿ. ತಾಯಿಯಿಲ್ಲದ ಮಗು. ಹಿಟ್ಟಿನ ಮೂಟೆಯ ಮೇಲೆ ಕೂತು ಕಾಲಾಡಿಸುತ್ತ ಒಂದೇ ಸಮನೆ ಮಾತಾಡುತ್ತಿದ್ದ ಆ ಹುಡುಗಿಗೆ ಅತ್ತಿಗೆಯೇ ಗುಬ್ಬಿ ಎಂದು ಹೆಸರಿಟ್ಟಳು. ಬ್ರೆಡ್ಡಕ್ಕನಿಗೆ ಮಕ್ಕಳಾಗಲಿಲ್ಲ. ಗುಬ್ಬಿ ದೊಡ್ಡವಳಾದ ಮೇಲೆ ಮದುವೆ ಬೇಡವೆಂದಳು, ಬೇಕರಿಯೇ ಸಾಕೆಂದಳು. ಹೀಗೆ ಅತ್ತಿಗೆ ನಾದಿನಿ ಇಬ್ಬರೂ ಒಂದೇ ಮೇಜಿನ ಆಚೀಚೆ ನಿಂತು ವರ್ಷಗಟ್ಟಲೆ ಹಿಟ್ಟು ನಾದಿದರು. ಕೈ ಹಿಟ್ಟಿನಲ್ಲಿ, ಬಾಯಿ ಲೋಕದ ಮೇಲೆ. ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು, ಎದುರು ಮನೆಯವಳ ಹೊಸ ಕನ್ನಡಕ ಅವಳ ಮೂಗಿಗೆ ಹೊಂದುತ್ತದೆಯೇ, ತಾವಿಬ್ಬರೂ ಒಮ್ಮೆಯಾದರೂ ಸಮುದ್ರ ನೋಡಲು ಹೋಗಬಹುದೇ, ಹೀಗೆ ಮಾತು ಎಲ್ಲೆಲ್ಲೋ ಸುತ್ತಿ ಬರುತ್ತಿತ್ತು. ಮೊದಲ ಸುತ್ತಿನ ಬ್ರೆಡ್ ಆರಲು ಇಟ್ಟಾಗ ಇಬ್ಬರೂ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಟೀ ಕುಡಿಯುತ್ತಿದ್ದರು. ಅಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ಬ್ರೆಡ್ಡಿನ ಮೇಲ್ಪದರ ತಣ್ಣಗಾಗುತ್ತ ಚಿಟಚಿಟ ಸದ್ದು ಮಾಡುತ್ತಿತ್ತು.

ಕೆಮ್ಮು ಶುರುವಾದಾಗ ಅವಳಿಗೆ ನಲವತ್ತೈದು ದಾಟಿತ್ತು. ಮೊದಮೊದಲು ಬರೀ ಸೀನು. ಮೂಟೆ ಬಿಚ್ಚಿದರೆ ಸೀನು, ಜರಡಿ ಹಿಡಿದರೆ ಸೀನು. ನೆಗಡಿ ಎಂದಳು. ನೆಗಡಿ ಬಿಡದೆ ಹೋದಾಗ ಗೋಡೆಯ ತೇವ ಎಂದಳು. ಎದೆ ಕುಯ್ಗುಟ್ಟತೊಡಗಿದಾಗ ವಯಸ್ಸು ಎಂದಳು. ಅಣ್ಣನ ಮಗಳ ಮದುವೆಗೆಂದು ತವರಿಗೆ ಹೋಗಿ ಒಂದು ವಾರವಿದ್ದಳು, ಅಲ್ಲಿ ಕೆಮ್ಮಿನ ಸುಳಿವೇ ಇಲ್ಲ. ವಾಪಸು ಬಂದ ಮಾರನೆಯ ಬೆಳಿಗ್ಗೆ ಮತ್ತೆ ಶುರು.

"ನನ್ನ ಮುಖ ನೋಡಿದ್ರೇನೇ ಕೆಮ್ಮು ಬರುತ್ತೆ ಅಂತ ಕಾಣುತ್ತೆ" ಎಂದ ಗಂಡ.

"ಇಷ್ಟು ವರ್ಷ ಬರ್ದೇ ಇದ್ದಿದ್ದೇ ಹೆಚ್ಚು" ಎಂದಳು. ಇಬ್ಬರೂ ನಕ್ಕರು. ನಗು ಕೊನೆಗೆ ಕೆಮ್ಮಾಯಿತು.

ಒಂದು ಬೆಳಿಗ್ಗೆ ಭಟ್ಟಿಯಿಂದ ಎರಡನೆಯ ಸುತ್ತು ಎಳೆಯುವಾಗ ಅವಳಿಗೆ ಉಸಿರೇ ಸಿಗಲಿಲ್ಲ. ಟ್ರೇಗಳ ನಡುವೆ ನೆಲದ ಮೇಲೆ ಕೂತುಬಿಟ್ಟಳು. ಗುಬ್ಬಿ ಬಂದು ನೋಡಿದಾಗ ತುಟಿ ನೀಲಿಯಾಗಿತ್ತು. ದಿನವೂ ಬನ್ ಕೊಳ್ಳಲು ಬರುವ ಶಾಲಾ ವ್ಯಾನಿನ ಡ್ರೈವರ್ ಹೊರಗೆ ನಿಂತಿದ್ದ. ಖಾಲಿ ವ್ಯಾನಿನ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ ಆಸ್ಪತ್ರೆಗೆ ಒಯ್ದವನು ಅವನೇ.

ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರಮ್ಮ ಅವಳ ಮುಂಗೈಯ ಮೇಲೆ ಸಾಲಾಗಿ ಸೂಜಿಯಿಂದ ಚುಚ್ಚಿ ಏನೇನೋ ಹನಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಅದರಲ್ಲೊಂದು ಕೆಂಪಗೆ ಊದಿಕೊಂಡಿತು.

"ಇದು ಗೋಧಿ. ನಿಮಗೆ ಹಿಟ್ಟಿನ ಧೂಳು ಆಗಲ್ಲ."

"ನಾನು ಹಿಟ್ಟಿನಲ್ಲೇ ಮುಳುಗಿ ಎದ್ದೋಳು ಡಾಕ್ಟ್ರೇ. ಆವಾಗ ಆಗ್ತಿದ್ದಿದ್ದು ಈಗ್ಯಾಕೆ ಆಗಲ್ಲ?"

"ಮುಳುಗಿ ಎದ್ದಿದ್ದಕ್ಕೇ ಹೀಗಾಗಿದ್ದು" ಎಂದರು ಡಾಕ್ಟರಮ್ಮ. "ಬೆಂದಿದ್ದನ್ನ ಧಾರಾಳವಾಗಿ ತಿನ್ನಿ, ತೊಂದರೆ ಇಲ್ಲ. ಹಸಿ ಹಿಟ್ಟು ಮೂಗಿಗೆ ಹೋಗಬಾರದು. ಬೇಕರಿ ಬಿಡಬೇಕು. ಅದರ ಮೇಲಿನ ಮನೆಯನ್ನೂ ಬಿಡಬೇಕು."

"ಮಾಸ್ಕ್ ಹಾಕ್ಕೊಂಡು ಮಾಡಿದ್ರೆ?"

"ಯಾವತ್ತೋ ಒಂದು ಸಲಕ್ಕಾದ್ರೆ ಸರಿ. ನಿಮ್ಮದು ದಿನಾ ಮಾಡೋ ಕೆಲಸ. ಇನ್ನೊಂದು ಸಲ ಹೀಗೆ ಬಂದ್ರೆ ನಾನು ಗ್ಯಾರಂಟಿ ಕೊಡಲ್ಲಮ್ಮ."

ಆಸ್ಪತ್ರೆಯಿಂದ ಅವಳು ತನ್ನ ಮನೆಗೆ ಹೋಗಲಿಲ್ಲ. ಮೂರು ಬೀದಿಯಾಚೆ ಮೂರನೆಯ ಮಹಡಿಯಲ್ಲಿ ಗಂಡ ಒಂದು ಬಾಡಿಗೆ ಮನೆ ಹಿಡಿದಿದ್ದ. ಗುಬ್ಬಿ ಬೇಕರಿಯ ಮೇಲಿನ ಮನೆಯಲ್ಲೇ ಉಳಿದಳು. ಮಾವ ಎಲ್ಲಿರುವುದೆಂಬ ಪ್ರಶ್ನೆ ಬಂದಾಗ ಮುದುಕ ತನ್ನ ಹಾಸಿಗೆ ಸುತ್ತಿಕೊಂಡು ಸೊಸೆಯ ಹಿಂದೆಯೇ ಮೆಟ್ಟಿಲು ಹತ್ತಿ ಬಂದ.

"ಹಿಟ್ಟಿನ ಋಣ ತೀರಿದೋರು ಒಂದು ಕಡೆ ಇರೋಣ" ಎಂದ. "ನನ್ನದು ವಯಸ್ಸಾಗಿ ತೀರ್ತು. ನಿಂದು ಬೇಗ ತೀರ್ತು. ಅಷ್ಟೇ ವ್ಯತ್ಯಾಸ."

ಆ ವ್ಯತ್ಯಾಸ ಎಷ್ಟು ದೊಡ್ಡದೆಂದು ಮಾವ-ಸೊಸೆ ಇಬ್ಬರಿಗೂ ಗೊತ್ತಿತ್ತು.

ಹೊಸ ಮನೆಗೆ ಒಂದು ಕಟ್ಟಳೆಯಿತ್ತು. ಗಂಡ ಬೇಕರಿಯ ಮೇಲಿನ ಬಚ್ಚಲಲ್ಲೇ ತಲೆ ಸ್ನಾನ ಮಾಡಿ, ಅಲ್ಲೇ ಬಟ್ಟೆ ಬದಲಾಯಿಸಿ ಬರಬೇಕು. ಆದರೂ ಮೊದಲ ದಿನಗಳಲ್ಲಿ ಅವನು ಪಕ್ಕದಲ್ಲಿ ಕೂತರೆ ಅವಳಿಗೆ ಗಂಟಲು ಕೆರೆಯುತ್ತಿತ್ತು. ಕಿವಿಯ ಹಿಂದೆಯೋ ಉಗುರಿನ ಸಂದಿಯಲ್ಲೋ ಎಲ್ಲೋ ಒಂದಿಷ್ಟು ಹಿಟ್ಟು ಉಳಿದಿರುತ್ತಿತ್ತು. ಅವನು ಹೆದರಿ ನಡುಮನೆಯಲ್ಲಿ ಅಪ್ಪನ ಪಕ್ಕ ಹಾಸಿಗೆ ಹಾಕಿಕೊಂಡ. ಬರುಬರುತ್ತ ಎಷ್ಟು ಉಜ್ಜಿ ತೊಳೆದುಕೊಳ್ಳುತ್ತಿದ್ದನೆಂದರೆ ಮೈಯೆಲ್ಲ ಬರೀ ಸೋಪಿನ ವಾಸನೆ. ಅವಳಿಗೆ ಬೇಕಾಗಿದ್ದುದು ಇನ್ನೊಂದು ವಾಸನೆ. ಅಂಗಿಯ ಕಾಲರಿನಲ್ಲಿ ನಿಲ್ಲುತ್ತಿದ್ದ ಕಂದಿದ ಸಕ್ಕರೆಯ, ಬೆಚ್ಚಗಿನ ಈಸ್ಟಿನ, ಕಟ್ಟಿಗೆ ಹೊಗೆಯ ವಾಸನೆ. ಆ ವಾಸನೆಯ ಮನುಷ್ಯನನ್ನು ಅವಳು ಮದುವೆಯಾಗಿದ್ದಳು. ಈಗ ಸಂಜೆ ಬಂದು ತಲೆ ಒರೆಸಿಕೊಳ್ಳುತ್ತ ದೂರದ ಕುರ್ಚಿಯಲ್ಲಿ ಕೂರುವವನು ಯಾವುದೋ ಲಾಡ್ಜಿನಿಂದ ಎದ್ದು ಬಂದ ನೆಂಟನ ಹಾಗೆ ಕಾಣುತ್ತಿದ್ದ.

ಹೊತ್ತು ಹೋಗುವುದು ಕಷ್ಟವಾಯಿತು. ಅಡುಗೆಗೆ ಎಷ್ಟು ಹೊತ್ತು ಬೇಕು? ಮನೆಯಲ್ಲಿ ಗೋಧಿ ಹಿಟ್ಟಿನ ಡಬ್ಬ ಇರಲಿಲ್ಲ, ಇರಕೂಡದು. ಮಾವ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಕೊನೆಯಿಂದ ಮೊದಲಿನವರೆಗೆ ಇನ್ನೊಮ್ಮೆ ಓದುತ್ತಿದ್ದ. ಅವಳು ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಕೆಳಗೆ ಔಷಧಿ ಅಂಗಡಿ, ಚಪ್ಪಲಿ ಹೊಲಿಯುವವನ ಗೂಡು, ಸೈಕಲ್ಲು ನಿಲ್ಲಿಸುವ ಜಾಗ. ಎಲ್ಲರ ಕೈಯಲ್ಲೂ ಏನೋ ಕೆಲಸ. ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ನೀರು, ಹಿಟ್ಟು, ಬೆಂಕಿಯಲ್ಲಿ ಒರಟಾಗಿದ್ದ ಅಂಗೈ ದಿನದಿನಕ್ಕೆ ಮೆತ್ತಗಾಗುತ್ತಿತ್ತು. ಬೇಕರಿಯ ಎದುರು ಮನೆಯವಳು ಒಮ್ಮೆ ದಾರಿಯಲ್ಲಿ ಸಿಕ್ಕಿ, ಕೈ ಹಿಡಿದು "ಅಬ್ಬಾ, ಹೂವಿನ ಹಾಗಾಗಿದೆಯಲ್ಲ ಅಕ್ಕ, ಪುಣ್ಯವಂತೆ" ಎಂದಾಗ ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಅವಳನ್ನು ಜೀವಂತವಾಗಿ ಇಟ್ಟಿದ್ದುದು ಗುಬ್ಬಿಯ ಫೋನು. ಬೆಳಕು ಮೂಡುವ ಹೊತ್ತಿಗೆ ಅದು ಬಂದೇ ಬರುತ್ತಿತ್ತು.

"ಅತ್ತಿಗೆ, ಹಿಟ್ಟು ಕೈಗೇ ಅಂಟ್ತಾ ಇದೆ. ಏನು ಮಾಡ್ಲಿ?"

"ಹೊರಗೆ ನೋಡಿದ್ಯಾ? ಮೋಡ ಕಾಣ್ತಿಲ್ವಾ?"

"ಹೂಂ, ಕವ್ಕೊಂಡಿದೆ."

"ಮತ್ತೆ ನೀರು ಕಡಿಮೆ ಮಾಡ್ಬೇಕು ತಾನೆ? ಈಗ ಹಿಟ್ಟು ಸುರೀಬೇಡ. ಕೈ ಒದ್ದೆ ಮಾಡ್ಕೊಂಡು ಮಡಚು. ಬಿಟ್ಬಿಡು, ಮತ್ತೆ ಮಡಚು. ಅದೇ ದಾರಿಗೆ ಬರುತ್ತೆ."

"ಸಿಟ್ಟು ಬರ್ತಿದೆ ನಂಗೆ ಇದರ ಮೇಲೆ."

"ಸಿಟ್ಟು ಮಾಡ್ಕೊಂಡ್ರೆ ಅದಕ್ಕೆ ಗೊತ್ತಾಗುತ್ತೆ ಕಣೇ."

ಫೋನಿನಲ್ಲಿ ಮಾತಾಡುವಾಗ ಬ್ರೆಡ್ಡಕ್ಕನ ಕೈಗಳು ಅಡುಗೆಮನೆಯ ಕಟ್ಟೆಯ ಮೇಲೆ ತಾವಾಗಿಯೇ ಮಡಚುತ್ತ ಬಿಡುತ್ತ ಇರುತ್ತಿದ್ದವು. ಮಾವ ಹಾಸಿಗೆಯಿಂದಲೇ ನೋಡಿ ಮಗ್ಗುಲು ತಿರುಗುತ್ತಿದ್ದ.

ಕೆಲವು ತಿಂಗಳು ಹೀಗೆ ನಡೆಯಿತು. ಆಮೇಲೆ ಫೋನು ದಿನ ಬಿಟ್ಟು ದಿನ ಬರತೊಡಗಿತು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಬರಲೇ ಇಲ್ಲ. ಅವಳು ಮಾತ್ರ ಬೆಳಕು ಮೂಡುವ ಹೊತ್ತಿಗೆ ಎದ್ದು ಫೋನನ್ನು ಎದುರಿಗಿಟ್ಟುಕೊಂಡು ಕೂರುವುದನ್ನು ಬಿಡಲಿಲ್ಲ.

"ಫೋನು ಬರ್ಲಿಲ್ಲ ಅಂದ್ರೆ ಬ್ರೆಡ್ ಚೆನ್ನಾಗಿ ಬಂದಿದೆ ಅಂತ ಲೆಕ್ಕ" ಎಂದ ಮಾವ ಒಂದು ದಿನ, ಟೀ ಲೋಟ ಹಿಡಿದು.

"ಬರ್ಲಿ ಬಿಡಿ ಮಾವ. ನಂಗೇನು?"

"ಅದನ್ನೇ ನಾನೂ ಹೇಳ್ದೆ. ನಿಂಗೇನು?" ಎಂದು ಮುದುಕ ಟೀ ಹೀರಿದ.

ಬೇಕರಿಯನ್ನು ನೋಡಲು ಅವಳು ಹೋಗದೆ ಇರುತ್ತಿರಲಿಲ್ಲ. ತರಕಾರಿಗೆಂದು ಹೊರಟವಳು ಸುತ್ತು ಹಾಕಿ ಆ ಬೀದಿಗೆ ಹೋಗಿ ಎದುರಿನ ಕಾಲುದಾರಿಯಲ್ಲಿ ನಿಲ್ಲುತ್ತಿದ್ದಳು. ಮುಂದಿನ ಗಾಜಿನಾಚೆ ಗಂಡ ಪೊಟ್ಟಣ ಕಟ್ಟುವುದು ಕಾಣುತ್ತಿತ್ತು. ಅವನ ಹಿಂದೆ, ಅರ್ಧ ತೆರೆದ ಬಾಗಿಲಿನಲ್ಲಿ ಗುಬ್ಬಿಯ ಒಂದು ತೋಳು, ಏಪ್ರನ್ನಿನ ಅಂಚು. ಅತ್ತಿಗೆಯನ್ನು ಕಂಡ ದಿನ ಗುಬ್ಬಿ ಹೊಸ ಬ್ರೆಡ್ಡೊಂದನ್ನು ಎತ್ತಿ ಗಾಜಿನ ಬಳಿ ಹಿಡಿದು ತೋರಿಸುತ್ತಿದ್ದಳು. ಬ್ರೆಡ್ಡಕ್ಕ ತಲೆಯಾಡಿಸುತ್ತಿದ್ದಳು, ಬಣ್ಣ ಸರಿಯಿದೆ ಎಂದು. ಗುಬ್ಬಿ ಹೊರಗೆ ಬರುವ ಹಾಗಿಲ್ಲ, ಅವಳ ಕೂದಲಲ್ಲಿ ಹುಬ್ಬಿನಲ್ಲಿ ಹಿಟ್ಟು. ಇವಳು ಒಳಗೆ ಹೋಗುವ ಹಾಗಿಲ್ಲ. ಜೈಲಿನಲ್ಲಿರುವವರನ್ನು ನೋಡಲು ಬಂದವರ ಹಾಗೆ ಇಬ್ಬರೂ ಕೈ ಬೀಸಿ ಸುಮ್ಮನಾಗುತ್ತಿದ್ದರು. ಒಳಗಿರುವವರು ಯಾರು, ಹೊರಗಿರುವವರು ಯಾರು ಎಂದು ಬ್ರೆಡ್ಡಕ್ಕನಿಗೆ ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ.

ಅಂಥದೇ ಒಂದು ದಿನ ವ್ಯಾನಿನ ಡ್ರೈವರ್ ಬನ್ನಿನ ಪೊಟ್ಟಣ ಹಿಡಿದು ರಸ್ತೆ ದಾಟಿ ಬಂದ. ಒಳ್ಳೆಯ ಮನುಷ್ಯ. ಬಾಯಿಗೆ ಮಾತ್ರ ಬ್ರೇಕಿಲ್ಲ.

"ಏನ್ ಬ್ರೆಡ್ಡಕ್ಕ, ಆರಾಮಾ? ನಿಮ್ಮ ನಾದಿನಿ ಭಾರಿ ಕೈ ಕಣ್ರೀ. ಈಗಿನ ಬನ್ನು ಇನ್ನೂ ಮೆತ್ತಗಿದೆ" ಎಂದವನು ಅವಳ ಮುಖ ನೋಡಿ ತಡವರಿಸಿದ. ಮಾತು ತಿರುಗಿಸಲು ಹೋಗಿ ಇನ್ನೂ ದೊಡ್ಡ ಹಳ್ಳಕ್ಕೆ ಬಿದ್ದ. "ಭಟ್ಟಿ ಒಡೆದು ಕರೆಂಟ್ ಓವನ್ ಹಾಕ್ತಾರಂತಲ್ಲ, ಆಮೇಲೆ ಇನ್ನೂ ಜೋರು ವ್ಯಾಪಾರ ಬಿಡಿ."

"ಯಾವಾಗ ಒಡೀತಾರೆ?" ಎಂದಳು, ಗೊತ್ತಿರುವವಳ ಹಾಗೆ.

"ಬರೋ ವಾರ ಅಂದ್ರು. ನಿಮಗೆ ಗೊತ್ತಿರಬೇಕಲ್ಲ?"

"ಗೊತ್ತು ಗೊತ್ತು" ಎಂದು ಅವಳು ತರಕಾರಿ ಕೊಳ್ಳದೆ ಮನೆಗೆ ಬಂದಳು. ಮೆಟ್ಟಿಲ ಮೇಲೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.

ಸಂಜೆ ಗಂಡ ತಲೆ ಒರೆಸಿಕೊಳ್ಳುತ್ತ ಒಳಗೆ ಕಾಲಿಟ್ಟ. ಅವಳು ಎದ್ದು ನಿಂತಳು.

"ನಾನೇನು ಸತ್ತುಹೋಗಿದೀನಾ?"

"ಏನಾಯ್ತೇ?"

"ಭಟ್ಟಿ ಒಡೀತೀರಂತೆ. ವ್ಯಾನಿನ ಡ್ರೈವರ್‌ಗೆ ಗೊತ್ತು. ಊರಿಗೆಲ್ಲ ಗೊತ್ತು. ಆ ಬೆಂಕಿ ಮುಂದೆ ನನ್ನ ಅರ್ಧ ಆಯುಸ್ಸು ಹೋಗಿದೆ ರೀ. ನಂಗೊಂದು ಮಾತು ಹೇಳೋದಕ್ಕೆ ನಿಮ್ಮ ನಾಲಿಗೆ ಬಿದ್ದುಹೋಗಿತ್ತಾ?"

ಅವನು ಟವೆಲ್ಲು ಹಿಡಿದು ನಿಂತೇ ಇದ್ದ. "ಹೇಳ್ಬೇಕು ಅಂತಾನೇ ಇದ್ದೆ. ಹೊಗೆ ಜಾಸ್ತಿ ಅಂತ ಹಿಂದಿನ ಮನೆಯೋರು ತಕರಾರು. ಗುಬ್ಬಿ ಒಬ್ಬಳೇ ಕಟ್ಟಿಗೆ ಹೊತ್ತು ಹೊತ್ತು ಸೊಂಟ ಹಿಡ್ಕೊಂಡು ಕೂತಿದಾಳೆ. ಹೇಳಿದ್ರೆ ನಿಂಗೆ ನೋವಾಗುತ್ತೆ, ನೋವಾದ್ರೆ ಉಸಿರು ಕಟ್ಟುತ್ತೆ ಅಂತ..."

"ಉಸಿರು ಕಟ್ಟಿದ್ರೆ ನಂದು ಕಟ್ಟುತ್ತೆ. ಮಾವ, ನೋಡಿ ನಿಮ್ಮ ಮಗ ಮಾಡಿರೋದನ್ನ. ನೀವು ಕೈಯಾರೆ ಕಟ್ಟಿದ ಭಟ್ಟಿ ಅದು."

ಮಾವ ಪೇಪರು ಮಡಚಿ ಪಕ್ಕಕ್ಕಿಟ್ಟ. "ನಂಗೆ ಹೇಳಿದ್ರಮ್ಮ. ಹೂಂ ಅಂದೆ."

ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಗಂಡನಿಗೂ ಮಾವನಿಗೂ ಅವಳು ಬಡಿಸಿದಳು, ಆದರೆ ಮಾತಾಡಿಸಲಿಲ್ಲ.

ಮಾವ ಅದನ್ನು ಎರಡು ದಿನ ಸಹಿಸಿದ. ಆಮೇಲೆ ಅವಳು ಕಿಟಕಿಯಲ್ಲಿ ನಿಂತಿದ್ದಾಗ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ.

"ನಾನು ಕೆಲಸ ಬಿಟ್ಟು ನಿನ್ನ ಕೈಗೆ ಕೊಟ್ಟಿದ್ದು ನೆನಪಿದ್ಯಾ?"

ಅವಳು ಕೆಳಗೆ ಬೀದಿಯನ್ನೇ ನೋಡುತ್ತ ನಿಂತಳು.

"ಮೊದಮೊದಲು ಎಲ್ಲಕ್ಕೂ ಮಾವ ಮಾವ ಅಂತಿದ್ದೆ. ಬೆಂಕಿ ಸಾಕಾ ಮಾವ, ಉಪ್ಪು ಸಾಕಾ ಮಾವ. ನಾನು ಮೇಲಿನ ಮನೇಲಿ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರ್ತಿದ್ದೆ, ಯಾವಾಗ ಕರೀತೀಯಾ ಅಂತ. ಒಂದು ದಿನ ಕರೀಲಿಲ್ಲ. ಮಾರನೇ ದಿನಾನೂ ಇಲ್ಲ. ಇಳಿದು ಬಂದು ಬಾಗಿಲಲ್ಲಿ ನಿಂತೆ. ನೀನೂ ಗುಬ್ಬೀನೂ ಏನೋ ಹೇಳ್ಕೊಂಡು ನಗ್ತಾ ಇದ್ರಿ. ಬ್ರೆಡ್ ಘಮಘಮ ಅಂತಿತ್ತು. ಹಾಗೇ ವಾಪಸ್ ಮೇಲಕ್ಕೆ ಹೋದೆ."

"ನಂಗೆ ಗೊತ್ತೇ ಆಗ್ಲಿಲ್ಲ ಮಾವ."

"ಗೊತ್ತಾಗೋದಿಲ್ಲ ಕಣಮ್ಮ. ಕೆಲಸದಲ್ಲಿರೋರಿಗೆ ಗೊತ್ತಾಗಬಾರದು. ಗೊತ್ತಾದ್ರೆ ಕೈ ಓಡಲ್ಲ." ಮುದುಕ ಕಿಟಕಿಯಾಚೆ ನೋಡಿದ. "ಆದ್ರೂ ನಾನು ಸಾಕಷ್ಟು ಮಾಡಿ ಬಿಟ್ಟೋನು. ನಿಂಗೆ ಇನ್ನೂ ಮಾಡೋದಿತ್ತು. ನಿನ್ನ ಸಂಕಟ ನಂಗಿಂತ ಜಾಸ್ತಿ ಅಂತ ಗೊತ್ತು ನಂಗೆ. ಊಟ ಬಡಿಸ್ವಾಗ ಒಂದು ಮಾತಾಡು, ಸಾಕು. ಮಾತಿಲ್ಲದ ಊಟ ಗಂಟಲಲ್ಲಿ ಇಳಿಯಲ್ಲ."

ಅವಳಿಗೆ ಅಳು ಬಂತು. ಅಳುತ್ತಲೇ, "ಇವತ್ತು ಸಾರಿಗೆ ಉಪ್ಪು ಹಾಕೋದನ್ನೇ ಮರೆತಿದ್ದೆ, ಹೇಳೋಕೇನಾಗಿತ್ತು ನಿಮಗೆ?" ಎಂದಳು.

"ನೀನು ಮಾತು ಬಿಟ್ಟಿದ್ದೆ. ಉಪ್ಪನ್ನೂ ಬಿಟ್ಟಿದೀಯಾ ಅಂದ್ಕೊಂಡೆ."

ಭಾನುವಾರ ಬೆಳಿಗ್ಗೆ ಗಂಡ ಬೇಗ ಹೋದವನು ಸ್ವಲ್ಪ ಹೊತ್ತಿಗೇ ವಾಪಸು ಬಂದ. ಅವನ ಕೈಯೆಲ್ಲ ನೀರಲ್ಲಿ ನೆನೆದು ಸುಕ್ಕುಗಟ್ಟಿತ್ತು. "ಸೀರೆ ಬದಲಾಯಿಸ್ಕೋ. ಬೇಕರಿಗೆ ಹೋಗೋಣ" ಎಂದ.

ಅವಳು ಅವನಿಗೆ ಜ್ವರವಿದೆಯೇನೋ ಎಂಬಂತೆ ನೋಡಿದಳು.

"ನಾಳೆ ಒಡೆಯೋಕೆ ಬರ್ತಾರೆ. ಶುಕ್ರವಾರದಿಂದ ಅಂಗಡಿ ಮುಚ್ಚಿದೀವಿ. ಮೂಟೆ ಎಲ್ಲ ಗೋಡೌನಿಗೆ ಸಾಗಿಸಿ, ಗೋಡೆ, ನೆಲ, ಸೂರು ಎಲ್ಲ ತೊಳೆದಿದೀವಿ, ನಾನು ಗುಬ್ಬಿ. ಮೂರು ಮೂರು ಸಲ. ಡಾಕ್ಟರಮ್ಮನ್ನ ಕೇಳ್ದೆ. ಮಾಸ್ಕ್ ಹಾಕ್ಕೊಂಡು ಸ್ವಲ್ಪ ಹೊತ್ತಾದ್ರೆ ಹೋಗಲಿ ಅಂದ್ರು. ನಿನ್ನ ಉಸಿರಿನ ಔಷಧಿ ಪಂಪು ಜೇಬಲ್ಲಿದೆ." ಅವನು ಅವಳ ಚಪ್ಪಲಿಯನ್ನು ಬಾಗಿಲ ಬಳಿಗೆ ಸರಿಸಿದ. "ನೀನು ನೋಡ್ದೇ ಅದನ್ನ ಒಡೆಯೋಕೆ ಗುಬ್ಬಿ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ."

ದಾರಿಯುದ್ದಕ್ಕೂ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಮದುವೆಯ ಹಿಂದಿನ ದಿನ ಕೂಡ ಹಾಗೆ ಹೊಡೆದುಕೊಂಡಿರಲಿಲ್ಲ.

ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. ತಲೆ ಸ್ನಾನ ಮಾಡಿ ಒದ್ದೆ ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. ಒಗೆದ ಬಟ್ಟೆ. ಅತ್ತಿಗೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಗಂಡ ಹೊರಗೇ ಉಳಿದ.

ನೆಲ ಫಳಫಳ ಹೊಳೆಯುತ್ತಿತ್ತು. ಗೋಡೆಯಿಂದ ಸುಣ್ಣದ, ಸೋಪಿನ ವಾಸನೆ. ಕಪಾಟುಗಳು ಖಾಲಿ. ಟ್ರೇಗಳನ್ನು ಉಜ್ಜಿ ಮೂಲೆಗೆ ಒರಗಿಸಿಟ್ಟಿದ್ದರು. ನಡುವಿನ ಮರದ ಮೇಜು ಮಾತ್ರ ಹಾಗೇ ಇತ್ತು, ಅವಳು ನಿಲ್ಲುತ್ತಿದ್ದ ಕಡೆ ನಾದಿ ನಾದಿ ಸ್ವಲ್ಪ ತಗ್ಗಾಗಿತ್ತು. ಅದರ ಮೇಲೆ ಕೈಯಾಡಿಸಿದಳು. ಒದ್ದೆ ಮರ. ಭಟ್ಟಿಯ ಬಾಯಿಗೆ ಬಗ್ಗಿ ನೋಡಿದಳು. ಒಳಗೆ ಕತ್ತಲು, ತಣ್ಣಗಿನ ಇಟ್ಟಿಗೆ. ಬೂದಿಯನ್ನೂ ಬಿಡದೆ ಗುಡಿಸಿದ್ದರು. ಮಾಸ್ಕಿನೊಳಗಿಂದ ಅವಳು ಮೆಲ್ಲಗೆ ಉಸಿರೆಳೆದುಕೊಂಡಳು, ಇನ್ನೊಮ್ಮೆ ಎಳೆದುಕೊಂಡಳು.

ಏನೂ ಇರಲಿಲ್ಲ.

ಇಷ್ಟು ದಿನ ಮೂರನೆಯ ಮಹಡಿಯಲ್ಲಿ ಕೂತು ಅವಳು ಹಂಬಲಿಸಿದ ಜಾಗ ಇದಾಗಿರಲಿಲ್ಲ. ಅವಳು ಹಂಬಲಿಸಿದ್ದು ಆ ಧೂಳನ್ನು, ಆ ಬಿಸಿಯನ್ನು, ಮೂಗಿಗೆ ಬಾಯಿಗೆ ಹತ್ತಿಕೊಳ್ಳುತ್ತಿದ್ದ ಆ ಬಿಳಿಯನ್ನು. ಅದನ್ನೆಲ್ಲ ತೊಳೆದು ಚರಂಡಿಗೆ ಬಿಟ್ಟಿದ್ದರು, ಅವಳು ಒಳಗೆ ಬರಲೆಂದೇ. ಅದಿದ್ದಲ್ಲಿ ಅವಳು ಇರುವ ಹಾಗಿಲ್ಲ, ಅವಳಿದ್ದಲ್ಲಿ ಅದು ಇರುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದಾಗ ತಲೆಗೆ ಹೋಗದ ಮಾತು ಈಗ ಆ ಖಾಲಿ ಕೋಣೆಯಲ್ಲಿ ಅವಳ ಎದೆಗೆ ಇಳಿಯಿತು. ಗುಬ್ಬಿಯ ಕೆಂಪಾಗಿ ಒಡೆದಿದ್ದ ಕೈಗಳನ್ನು ನೋಡಿ ಅವಳು ಅದನ್ನು ಹೇಳಲಿಲ್ಲ.

"ಎಷ್ಟು ಚೆನ್ನಾಗಿ ತೊಳೆದಿದೀಯೇ" ಎಂದಳು. "ನಾನಿದ್ದಾಗ ಒಂದು ದಿನ ಹೀಗೆ ತೊಳೀಲಿಲ್ಲ ನೀನು."

"ನೀವಿದ್ದಾಗ ಬಿಡ್ತಿದ್ರಾ? ಮೂಲೆ ಬಿಟ್ಟೆ ಅಂತ ನೀವೇ ಪೊರಕೆ ಕಿತ್ಕೋತಿದ್ರಿ."

ಇಬ್ಬರೂ ಮೇಜಿನ ಆಚೀಚೆ ನಿಂತರು. ಹಳೆಯ ಅಭ್ಯಾಸ. ಮೇಜಿನ ಮೇಲೆ ಏನೂ ಇಲ್ಲ. ಕೈಗಳಿಗೆ ಕೆಲಸವಿಲ್ಲದೆ ಮಾತೂ ಹೊಳೆಯಲಿಲ್ಲ.

"ಫೋನು ಯಾಕೆ ಬಿಟ್ಟೆ ಗುಬ್ಬಿ?"

ಗುಬ್ಬಿ ತಲೆ ತಗ್ಗಿಸಿದಳು. "ಕೇಳೋಕೆ ಏನೂ ಇರ್ಲಿಲ್ಲ ಅತ್ತಿಗೆ. ಎಲ್ಲ ಕೈಗೆ ಬಂದ್ಬಿಡ್ತು. ಏನಂತ ಮಾಡ್ಲಿ ಫೋನು?"

"ಸುಮ್ನೆ ಮಾತಾಡೋಕೆ ಮಾಡಬಹುದಿತ್ತಲ್ಲ."

"ಹಾಗೂ ಮಾಡಬಹುದು ಅಂತ ನಂಗೆ ಹೊಳೀಲೇ ಇಲ್ಲ" ಎಂದಳು ಗುಬ್ಬಿ. ನಿಜಕ್ಕೂ ಆಗಷ್ಟೇ ಗೊತ್ತಾದವಳ ಹಾಗೆ ಅತ್ತಿಗೆಯ ಮುಖ ನೋಡಿದಳು. "ನಾವಿಬ್ಬರೂ ಯಾವತ್ತಾದ್ರೂ ಸುಮ್ನೆ ಕೂತು ಮಾತಾಡಿದೀವಾ? ಹಿಟ್ಟು ಮುಂದಿದ್ರೆ ಮಾತು ತಾನಾಗೇ ಬರ್ತಿತ್ತು. ಈಗ ಬೆಳಿಗ್ಗೆ ಒಬ್ಬಳೇ ಇರ್ತೀನಿ. ಟೀ ಕುಡಿಯೋಕೂ ಕೂರಲ್ಲ, ನಿಂತ್ಕೊಂಡೇ ಕುಡೀತೀನಿ. ಮೊನ್ನೆ ಎದುರು ಮನೆಯೋಳು ಮತ್ತೆ ಕನ್ನಡಕ ಬದಲಾಯಿಸಿದ್ಲು. ಹೇಳೋಕೆ ಅಂತ ತಲೆ ಎತ್ತಿದೆ. ಮೇಜಿನ ಆ ಕಡೆ ಯಾರೂ ಇರ್ಲಿಲ್ಲ."

"ಹೇಗಿದೆ ಹೊಸ ಕನ್ನಡಕ?"

"ಗೂಬೆ ಹಾಗಿದಾಳೆ."

ಬ್ರೆಡ್ಡಕ್ಕ ನಕ್ಕಳು. ನಕ್ಕದ್ದಕ್ಕೋ, ಎಲ್ಲೋ ಸೂರಿನ ಸಂದಿಯಲ್ಲಿ ಉಳಿದಿದ್ದ ಒಂದಿಷ್ಟು ಧೂಳಿಗೋ, ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಗಂಡ ಹೊರಗಿನಿಂದ ಓಡಿ ಬಂದ. ಇಬ್ಬರೂ ಸೇರಿ ಅವಳನ್ನು ಬೀದಿಗೆ ಕರೆತಂದು, ಮೆಟ್ಟಿಲ ಮೇಲೆ ಕೂರಿಸಿ ಪಂಪು ಹಿಡಿದರು. ಉಸಿರು ಸರಿಹೋಗಲು ಸ್ವಲ್ಪ ಸಮಯ ಹಿಡಿಯಿತು. ಅವಳು ಮತ್ತೆ ಒಳಗೆ ಹೋಗಲು ಕೇಳಲಿಲ್ಲ. ಗಂಡನ ಹೆಗಲಿಗೆ ಒರಗಿ ಕೂತಳು. ಅವನು ಬೀದಿಯಲ್ಲಿ ಹೋಗುವವರನ್ನು ಲೆಕ್ಕಿಸದೆ ಅವಳ ಬೆನ್ನು ಸವರುತ್ತಿದ್ದ.

ಮಾರನೆಯ ದಿನ ಭಟ್ಟಿ ಒಡೆದರು. ಆ ಸದ್ದು ಮೂರು ಬೀದಿಯಾಚೆಗೆ ಕೇಳುವಂಥದಲ್ಲ. ಆದರೂ ಮಾವ ಸೊಸೆ ಇಬ್ಬರೂ ಆ ಬೆಳಿಗ್ಗೆ ರೇಡಿಯೋ ಹಾಕಲಿಲ್ಲ.

ಹೊಸ ಓವನ್ ಬಂತು. ಅದಕ್ಕೆ ಬೂದಿಯಿಲ್ಲ, ಹೊಗೆಯಿಲ್ಲ. ಬ್ರೆಡ್ಡಿನ ರುಚಿ ಬದಲಾಯಿತು. ಗಂಡ ತಂದುಕೊಟ್ಟ ಮೊದಲ ಬ್ರೆಡ್ಡನ್ನು ಅವಳು ಮುರಿದು ತಿಂದಳು. ಒಳ್ಳೆಯ ಬ್ರೆಡ್ಡೇ. ಹೂವಿನ ಹಾಗೆ ಅರಳಿತ್ತು. ಅದು ಗುಬ್ಬಿಯ ಬ್ರೆಡ್ಡು. ತನ್ನದು ಈಗ ಲೋಕದಲ್ಲಿ ಎಲ್ಲೂ ಸಿಗುವುದಿಲ್ಲ ಎಂದು ಅಗಿಯುತ್ತ ಅಗಿಯುತ್ತ ಅನ್ನಿಸಿತು. ಮಾವ ಅವಳನ್ನೇ ನೋಡುತ್ತಿದ್ದ. ಅವನ ಬ್ರೆಡ್ಡೂ ಹಾಗೆಯೇ ಎಂದೋ ಮುಗಿದುಹೋಗಿತ್ತು. "ಇನ್ನೊಂದು ತುಂಡು ಕೊಡಿ" ಎಂದು ಗಂಡನತ್ತ ಕೈಚಾಚಿದಳು.

ಆ ವಾರದಿಂದ ಗುಬ್ಬಿ ರಜೆಯ ದಿನ ಮಧ್ಯಾಹ್ನ ಮೂರನೆಯ ಮಹಡಿಗೆ ಬರತೊಡಗಿದಳು. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು. ಮೊದಲ ಸಲ ಇಬ್ಬರೂ ಕುರ್ಚಿಯಲ್ಲಿ ಎದುರುಬದುರು ಕೂತು, ಹೆಣ್ಣು ನೋಡಲು ಬಂದವರ ಹಾಗೆ ಮುಖ ಮುಖ ನೋಡಿಕೊಂಡರು. ಎರಡನೆಯ ಸಲ ಬ್ರೆಡ್ಡಕ್ಕ ಒಂದು ರಾಶಿ ಹುರುಳಿಕಾಯಿ ತಂದು ನಡುವೆ ಸುರಿದಳು. ನಾರು ತೆಗೆಯುತ್ತ ಮಾತು ಒಂದಿಷ್ಟು ಬಂತು. ಮೂರನೆಯ ಸಲ ಗುಬ್ಬಿ ಹೊಸ ಓವನ್ನನ್ನು ಬಾಯಿಗೆ ಬಂದ ಹಾಗೆ ಬೈದಳು, ಅದಕ್ಕೆ ಕಿವಿಯಿಲ್ಲ, ಕಣ್ಣಿಲ್ಲ, ಬರೀ ಗುಂಡಿ ಇದೆ ಎಂದು. ಬ್ರೆಡ್ಡಕ್ಕ ಕೇಳಿದಳು. ಕೇಳುತ್ತ ಅವಳಿಗೆ ಆಸೆಯಾಯಿತು, ತಾನು ಒಮ್ಮೆ ಆ ಗುಂಡಿ ಒತ್ತಿ ನೋಡಬೇಕೆಂದು. ಆ ಆಸೆ ಹೋಗುವಂಥದಲ್ಲ ಎಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಇನ್ನೊಂದು ರಜೆಯ ದಿನ ಗುಬ್ಬಿ ಬಂದವಳೇ "ಒಂದು ನಿಮಿಷ" ಎಂದು ಸೋಫಾದ ಮೇಲೆ ಒರಗಿದಳು. ಬ್ರೆಡ್ಡಕ್ಕ ಟೀ ತರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಒಂದು ಕೈ ಕೆಳಗೆ ಜೋತುಬಿದ್ದಿತ್ತು. ಮಣಿಕಟ್ಟಿನ ಮೇಲೆ ಬಿಸಿ ಟ್ರೇ ತಾಗಿದ ಹೊಸ ಗಾಯ, ಅದರ ಪಕ್ಕ ಹಳೆಯದು, ಅದಕ್ಕಿಂತ ಹಳೆಯದು. ಬ್ರೆಡ್ಡಕ್ಕ ನೆಲದ ಮೇಲೆ ಕೂತು ಆ ಕೈಯನ್ನು ಎತ್ತಿ ಮೆಲ್ಲಗೆ ದಿಂಬಿನ ಮೇಲಿಟ್ಟಳು. ಬರ್ನಾಲ್ ತಂದು ಹಚ್ಚಿದಳು. ಗುಬ್ಬಿ ಕದಲಲಿಲ್ಲ. ಟೀ ತಣ್ಣಗಾಯಿತು. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಸರಿಯಿತು. ಬೆಳಿಗ್ಗೆ ಬೇಗ ಏಳಬೇಕಾದ ಜೀವ, ಮಲಗಲಿ ಎಂದು ಅವಳು ಪಕ್ಕದಲ್ಲೇ ಕೂತಿದ್ದಳು.

ಹೊರಗೆ ಅಡ್ಡಾಡಿಕೊಂಡು ಬಂದ ಮಾವ ಬಾಗಿಲಲ್ಲೇ ದನಿ ತಗ್ಗಿಸಿದ. "ಏನು ಮಾತಾಡಿದ್ರಿ ಇಷ್ಟು ಹೊತ್ತು?"

"ಏನೂ ಇಲ್ಲ ಮಾವ" ಎಂದಳು ಅವಳು. "ಚಪ್ಪಲಿ ಸದ್ದು ಮಾಡಬೇಡಿ."